ದೋಣಿ ಮುಂದಿದ್ದರೆ ಮಾತ್ರ ಕುಣಿತ

ದೋಣಿಯ ಮೂತಿಯಲ್ಲಿ ನಿಂತ ಹುಡುಗ ಕುಣಿಯುತ್ತಿದ್ದಾನೆ ಎಂದರೆ ಆ ದೋಣಿ ಮುಂದಿದೆ ಎಂದು ತಿಳಿಯಬೇಕು. ಎದುರಾಳಿ ಮುಂದಾದರೆ ಅವನು ಕೂತುಬಿಡುತ್ತಾನೆ. ದಡದಲ್ಲಿ ಕಿಕ್ಕಿರಿದು ನಿಂತ ಜನಕ್ಕೆ ದೂರದ ನೀರಿನಲ್ಲಿ ಅಕ್ಕಪಕ್ಕ ಬರುತ್ತಿರುವ ಎರಡು ದೋಣಿಗಳಲ್ಲಿ ಯಾವುದು ಎಷ್ಟು ಮುಂದಿದೆ ಎಂದು ಬರಿಗಣ್ಣಿನಲ್ಲಿ ಹೇಳುವುದು ಕಷ್ಟ. ಹುಡುಗ ಎದ್ದನೇ, ಕೂತನೇ ಎಂದು ನೋಡಿದರೆ ಸಾಕು. ಇಂಡೊನೇಷ್ಯಾದ ಸುಮಾತ್ರಾ ದ್ವೀಪದಲ್ಲಿ, ರಿಯಾವು ಪ್ರಾಂತ್ಯದ ಕುವಾಂತನ್ ನದಿಯ ಮೇಲೆ ನಡೆಯುವ ಪಾಚು ಜಾಲುರ್ ಎಂಬ ದೋಣಿ ಓಟದಲ್ಲಿ ಮಗುವಿನ ಕುಣಿತಕ್ಕೆ ವಹಿಸಿಕೊಟ್ಟ ಕೆಲಸ ಇದು.

2025ರ ಜುಲೈ ಹೊತ್ತಿಗೆ ಈ ಕುಣಿತದ ಒಂದು ತುಣುಕು ಜಗತ್ತಿನ ಮೊಬೈಲುಗಳನ್ನೆಲ್ಲ ಸುತ್ತಿ ಬಂದದ್ದು ನಿಮಗೂ ನೆನಪಿರಬಹುದು. 11 ವರ್ಷದ ಹುಡುಗ. ಮೈಮೇಲೆ ಕಪ್ಪು ಬಣ್ಣದ ಮಲಯ ಉಡುಪು, ತಲೆಗೆ ರಿಯಾವು ಕಡೆಯ ರುಮಾಲು, ಕಣ್ಣಿಗೆ ಕಪ್ಪು ಕನ್ನಡಕ. ಹಿಂದೆ ಸಾಲಾಗಿ ಕೂತವರು ಮೈಮುರಿದು ಹುಟ್ಟು ಹಾಕುತ್ತಿದ್ದರೆ ಇವನು ಒಂದು ಕೈ ಚಾಚಿ, ಇನ್ನೊಂದನ್ನು ಅದರಡಿ ಮೆಲ್ಲಗೆ ಆಡಿಸುತ್ತ, ಮುಷ್ಟಿಗಳನ್ನು ಒಂದರ ಸುತ್ತ ಒಂದು ತಿರುಗಿಸುತ್ತ, ಎಡದಡಕ್ಕೊಂದು ಬಲದಡಕ್ಕೊಂದು ಮುತ್ತು ತೂರುತ್ತ ನಿಂತಿದ್ದಾನೆ. ಮುಖದಲ್ಲಿ ಅವಸರವಿಲ್ಲ. ಪ್ಯಾರಿಸ್‌ನ ಪಿಎಸ್‌ಜಿ ತಂಡದ ಫುಟ್‌ಬಾಲ್ ಆಟಗಾರರು ಅವನನ್ನು ಅನುಕರಿಸಿದರು, ಅಮೆರಿಕನ್ ಫುಟ್‌ಬಾಲ್ ಆಟಗಾರ ಟ್ರಾವಿಸ್ ಕೆಲ್ಸಿ ಅನುಕರಿಸಿದರು, ನಮ್ಮ ಕಾಲೇಜು ಹುಡುಗರು ಬೈಕಿನ ಹಿಂದಿನ ಸೀಟಿನಲ್ಲಿ ಎದ್ದು ನಿಂತು ಅನುಕರಿಸಿದರು. ಯಾರದೋ ಅಮೆರಿಕನ್ ರ‍್ಯಾಪ್ ಹಾಡನ್ನು ಆ ತುಣುಕಿಗೆ ಅಂಟಿಸಿದ್ದರು. ನದಿಯ ಸದ್ದು, ದಡದ ಕೂಗು, ಹುಟ್ಟುಗಳು ಒಟ್ಟಿಗೆ ನೀರಿಗೆ ಬೀಳುವ ಶಬ್ದ ಯಾವುದೂ ಅದರಲ್ಲಿ ಉಳಿದಿರಲಿಲ್ಲ.

ಹುಡುಗನ ಹೆಸರು ಎಲ್ಲ ಪತ್ರಿಕೆಗಳಲ್ಲಿ ಬಂದಿದೆ. ನಾನು ಅದನ್ನು ಇಲ್ಲಿ ಬರೆಯುವುದಿಲ್ಲ. ಅವನಿನ್ನೂ ಪ್ರಾಥಮಿಕ ಶಾಲೆಯ ಮಗು. ಅವನಿಗಿಂತ ಮೊದಲು ಅದೇ ಜಾಗದಲ್ಲಿ ನಿಂತ, ಯಾರ ಮೊಬೈಲಿಗೂ ಸಿಗದ ನೂರಾರು ಮಕ್ಕಳಿದ್ದಾರೆ. ಈ ಬರಹ ಅವರೆಲ್ಲರ ಬಗ್ಗೆ.

ತುಣುಕು ನೋಡಿದವರಲ್ಲಿ ಬಹಳಷ್ಟು ಮಂದಿ ‘ಎಷ್ಟು ನಿರಾಳವಾಗಿದ್ದಾನೆ’ ಎಂದರು. ನನಗೂ ಮೊದಲು ಕಣ್ಣಿಗೆ ಬಿದ್ದದ್ದು ಆ ನಿರಾಳವೇ. ಆದರೆ ರಿಯಾವು ಕಡೆಯವರೇ ಯೂಟ್ಯೂಬ್‌ನಲ್ಲಿ ಹಾಕುವ, ಕತ್ತರಿಸದ, ಹಾಡು ಅಂಟಿಸದ ಪೂರ್ತಿ ಓಟಗಳನ್ನು ನೋಡಲು ಕೂತ ಮೇಲೆ ನನ್ನ ಕಣ್ಣು ಹುಡುಗನ ಕೈಗಳನ್ನು ಬಿಟ್ಟು ಕಾಲುಗಳಿಗೆ ಇಳಿಯಿತು. ಅಲ್ಲಿ ಕಾಣುವ ವಿಷಯವೇ ಬೇರೆ.

ದೋಣಿಯ ಮೂತಿ ಅಗಲವಾದ ಹಲಗೆಯಲ್ಲ. ತುದಿಗೆ ಹೋದಂತೆ ಕಿರಿದಾಗುವ, ನೀರು ಸಿಡಿದು ಜಾರುವ ಮರ. ಹಿಡಿದುಕೊಳ್ಳಲು ಏನೂ ಇಲ್ಲ. ಇನ್ನೊಂದು ತುದಿಯಲ್ಲಿ, ಹಿಂಬದಿಯಲ್ಲಿ, ಒಬ್ಬ ದೊಡ್ಡವನು ನಿಂತಿರುತ್ತಾನೆ. ಅವನನ್ನು ತುಕಾಂಗ್ ಒಂಜಾಯ್ ಎನ್ನುತ್ತಾರೆ. ಮೈಯನ್ನು ಜಗ್ಗಿ ಜಗ್ಗಿ, ಮಂಡಿ ಮಡಿಸಿ ಚಿಮ್ಮಿ, ಇಡೀ ದೋಣಿಯನ್ನು ಲಯದಲ್ಲಿ ಮೇಲೆ ಕೆಳಗೆ ಆಡಿಸುವುದು ಅವನ ಕೆಲಸ. ಹುಟ್ಟು ಹಾಕುವವರು ಆ ಲಯವನ್ನು ಹಿಡಿಯುತ್ತಾರೆ. ಅವನು ಹಿಂದೆ ಜಗ್ಗಿದಾಗಲೆಲ್ಲ ಮುಂದೆ ಮೂತಿ ಎದ್ದು ಬೀಳುತ್ತದೆ. ಹುಡುಗ ನಿಂತಿರುವುದು ಅಲ್ಲಿ. ಗಮನವಿಟ್ಟು ನೋಡಿದರೆ ಅವನ ಮಂಡಿಗಳು ಎಂದೂ ನೆಟ್ಟಗಿರುವುದಿಲ್ಲ. ಮೂತಿ ಏಳುವ ಹೊತ್ತಿಗೆ ಸರಿಯಾಗಿ ಮಡಿಯುತ್ತವೆ, ಇಳಿಯುವ ಹೊತ್ತಿಗೆ ಸಡಿಲವಾಗುತ್ತವೆ. ಪಾದ ಮಾತ್ರ ಕದಲುವುದಿಲ್ಲ. ಸೊಂಟದಿಂದ ಕೆಳಗೆ ಅವನು ದೋಣಿಯ ಭಾಗ, ಸೊಂಟದಿಂದ ಮೇಲೆ ಸ್ವತಂತ್ರ. ನಾವು ನಿರಾಳ ಎಂದು ಕರೆದದ್ದು ಆ ಮಡಿಯುವ ಮಂಡಿಗಳ ಮೇಲೆ ನಿಂತಿದೆ.

ಮೂತಿಗೆ ಮಗುವನ್ನೇ ನಿಲ್ಲಿಸುವುದಕ್ಕೆ ಕಾರಣವಿದೆ. ಮಗು ಹಗುರ; ದೊಡ್ಡವನೊಬ್ಬ ತುದಿಗೆ ಹೋಗಿ ಕುಣಿದರೆ ಮೂತಿ ನೀರಿಗೆ ಬಾಗಿ ಓಟ ತಗ್ಗುತ್ತದೆ. ಮಕ್ಕಳ ಮೈಗೆ ತೂಕದ ಹದವೂ ಚೆನ್ನಾಗಿ ಗೊತ್ತಿರುತ್ತದೆ. ಹಾಗಾಗಿ ಈ ಜಾಗ ಮಕ್ಕಳದು. ಆನಕ್ ಚೋಕಿ ಎಂದೋ ತೊಗಾಕ್ ಲುವಾನ್ ಎಂದೋ ಅವರನ್ನು ಕರೆಯುತ್ತಾರೆ. ಉಳಿದ ಜಾಗಗಳಿಗೂ ಹೀಗೆಯೇ ಹೆಸರಿದೆ, ಹೊಣೆಯಿದೆ. ಕೂಗಿ ಹುರಿದುಂಬಿಸಿ ಅಪ್ಪಣೆ ಕೊಡುವವನು ತುಕಾಂಗ್ ಚೊಂಚಾಂಗ್, ಚುಕ್ಕಾಣಿ ನೋಡಿಕೊಳ್ಳುವವನು ತುಕಾಂಗ್ ಪಿಂಗ್ಗಾಂಗ್. ಮಧ್ಯದಲ್ಲಿ 40ರಿಂದ 60 ಮಂದಿ ಹುಟ್ಟು ಹಾಕುವವರು. ಓಟ ಎರಡೆರಡೇ ದೋಣಿಗಳ ನಡುವೆ. ಫಿರಂಗಿ ಹಾರಿದ ಸದ್ದಿಗೆ ಹೊರಡಬೇಕು, ಸೋತವರು ಹೊರಗೆ, ಗೆದ್ದವರು ಮುಂದಿನ ಸುತ್ತಿಗೆ.

ಇನ್ನು ದೋಣಿ. ಕೇರಳದ ಚುಂಡನ್ ವಳ್ಳಗಳನ್ನು ನೋಡಿದ ನಮಗೆ ಉದ್ದನೆಯ ದೋಣಿ ಹೊಸದಲ್ಲ. ಅಲಪ್ಪುಳದ ಪುನ್ನಮಡ ಕೆರೆಯಲ್ಲಿ ನೆಹರೂ ಟ್ರೋಫಿಗಾಗಿ ಓಡುವ ಆ ದೋಣಿಗಳು ಹಲಗೆ ಕೂಡಿಸಿ ಕಟ್ಟಿದವು. ಕುವಾಂತನ್‌ನ ಜಾಲುರ್ ಹಾಗಲ್ಲ, ಒಂದೇ ಮರ. 25ರಿಂದ 40 ಮೀಟರ್ ಉದ್ದದ ದೋಣಿ ಒಂದೇ ದಿಮ್ಮಿಯಿಂದ ಬರಬೇಕು, ನಡುವೆ ಬೆಸುಗೆ ಇರಕೂಡದು. ಅಷ್ಟುದ್ದದ, ನೆಟ್ಟಗಿನ, ಟೊಳ್ಳಿಲ್ಲದ ಮರ ಎಲ್ಲಿದೆ ಎಂದು ಹುಡುಕುವುದರಿಂದ ಹಬ್ಬ ಶುರುವಾಗುತ್ತದೆ. ಮೊದಲು ಊರು ಸೇರಿ ಮಾತಾಡುತ್ತದೆ. ಹಿರಿಯರು, ಧರ್ಮದ ಮುಖಂಡರು, ಯುವಕರು ಎಲ್ಲ ಕೂತು, ಈ ಸಲ ಹೊಸ ದೋಣಿ ಮಾಡೋಣ ಎಂದು ಒಪ್ಪಬೇಕು. ಕಾಡಿಗೆ ಹೋಗಿ ಮರ ಗೊತ್ತು ಮಾಡಿ, ಕಾಡಿನ ಶಕ್ತಿಗಳ ಅಪ್ಪಣೆ ಕೇಳುವ ಶಾಸ್ತ್ರ ಮುಗಿಸಿದ ಮೇಲೆ ಕೊಡಲಿ. ಕಾಡಿನಲ್ಲೇ ದಿಮ್ಮಿಯನ್ನು ಒಂದು ಮಟ್ಟಿಗೆ ಕೊರೆದು, ನಮ್ಮಲ್ಲಿ ತೇರಿನ ಮಿಣಿ ಹಿಡಿಯುವಂತೆ ಊರಿಗೆ ಊರೇ ಹಗ್ಗ ಹಿಡಿದು ಅದನ್ನು ಹೊರಗೆಳೆಯುತ್ತದೆ. ಈ ಎಳೆಯುವ ದಿನಕ್ಕೇ ಮಾಎಲೊ ಎಂಬ ಹೆಸರಿದೆ. ಆಮೇಲೆ ಊರಿನಲ್ಲಿ ಸಣ್ಣ ಕೆತ್ತನೆ. ಕೊನೆಗೆ ಕೆಳಗಿನಿಂದ ಬೆಂಕಿಯ ಕಾವು ಕೊಟ್ಟು, ಕಾವಿಗೆ ಮೆತ್ತಗಾದ ಮರದ ಎರಡೂ ಬದಿಗಳನ್ನು ನಿಧಾನವಾಗಿ ಅಗಲಿಸುವುದು. ಕಾವು ಹೆಚ್ಚಾದರೆ ಸೀಳುತ್ತದೆ, ಕಡಿಮೆಯಾದರೆ ಬಾಗುವುದಿಲ್ಲ. ಇಷ್ಟು ಜನರ ಬೆವರು ಸುರಿದ ಮರದ ತುದಿಗೆ ಹೋಗಿ ನಿಲ್ಲುವುದು 35 ಕಿಲೋ ಕೂಡ ತೂಗದ ಒಂದು ಮಗು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಇದೇ. ಊರಿನ ಮರ್ಯಾದೆ ಪಣಕ್ಕಿಟ್ಟ ಓಟದಲ್ಲಿ, ಎಲ್ಲರ ಕಣ್ಣಿಗೂ ಮೊದಲು ಬೀಳುವ ಜಾಗವನ್ನು ಊರ ಹಿರಿಯರಲ್ಲಿ ಯಾರೂ ಇಟ್ಟುಕೊಳ್ಳಲಿಲ್ಲ, ಮಗುವಿಗೆ ಬಿಟ್ಟುಕೊಟ್ಟರು. ಬಿಟ್ಟುಕೊಟ್ಟ ಮೇಲೆ ಹೀಗೆಯೇ ಕುಣಿಯಬೇಕು ಎಂದು ಕಟ್ಟು ಹಾಕಲಿಲ್ಲ. ಹುಟ್ಟು ಹಾಕುವವನಿಗೆ ಪಟ್ಟು ಗೊತ್ತುಪಡಿಸಿದೆ, ಹಿಂದೆ ಜಗ್ಗುವವನಿಗೆ ಲಯ ಗೊತ್ತುಪಡಿಸಿದೆ, ಚುಕ್ಕಾಣಿಯವನಿಗೆ ದಾರಿ ಗೊತ್ತುಪಡಿಸಿದೆ. ದೋಣಿಯಲ್ಲಿ ತನಗೆ ತೋಚಿದ್ದನ್ನು ಮಾಡುವ ಸ್ವಾತಂತ್ರ್ಯ ಇರುವುದು ಮಗುವಿಗೆ. ಜಗತ್ತೆಲ್ಲ ನೋಡಿದ ಆ ಹುಡುಗ ಕೂಡ ಸುದ್ದಿಗಾರರಿಗೆ, ಇದು ತಾನೇ ಮಾಡಿದ ಕುಣಿತ, ಆ ಗಳಿಗೆಗೆ ಹೊಳೆದದ್ದು ಎಂದೇ ಹೇಳಿದ್ದಾನೆ. ಸಂಪ್ರದಾಯ ಎಂದಾಕ್ಷಣ ಕಟ್ಟುಪಾಡುಗಳನ್ನೇ ನೆನೆಯುವ ನಮಗೆ ಇದು ಹೊಳೆಯುವುದಿಲ್ಲ: ಕೆಲವು ಸಂಪ್ರದಾಯಗಳು ತಮ್ಮ ನಟ್ಟನಡುವೆ ಒಂದು ಜಾಗವನ್ನು ಖಾಲಿ ಬಿಟ್ಟಿರುತ್ತವೆ, ಪ್ರತಿ ತಲೆಮಾರಿನ ಮಗು ಬಂದು ತನಗೆ ಬೇಕಾದಂತೆ ತುಂಬಲಿ ಎಂದು.

ಕರಾವಳಿಯಲ್ಲಿ ಬೆಳೆದವರಿಗೆ ಇಲ್ಲಿ ಯಕ್ಷಗಾನದ ಪೂರ್ವರಂಗ ನೆನಪಾಗದೆ ಇರದು. ರಾತ್ರಿಯ ಆಟ ಕಳೆಗಟ್ಟುವ ಮೊದಲು, ಚೌಕಿಯಲ್ಲಿ ದೊಡ್ಡ ವೇಷಗಳು ಇನ್ನೂ ಬಣ್ಣ ಬಳಿಯುತ್ತಿರುವಾಗ, ರಂಗಕ್ಕೆ ಬರುವುದು ಕಲಿಯುವ ಹುಡುಗರು. ಮೊದಲು ಕೋಡಂಗಿ, ಪಳಗಿದ ಮೇಲೆ ಬಾಲಗೋಪಾಲ. ನಮ್ಮ ಪಕ್ಕದ ಮನೆಯ ಹುಡುಗನೊಬ್ಬ ಕೋಡಂಗಿಯಾಗಿ ಬಂದದ್ದು ನನಗೆ ಚೆನ್ನಾಗಿ ನೆನಪಿದೆ. ಹಗಲೆಲ್ಲ ನಮ್ಮೊಡನೆ ಗದ್ದೆಬದುವಿನಲ್ಲಿ ಓಡಾಡಿಕೊಂಡಿದ್ದವನು, ಗೆಜ್ಜೆ ಕಟ್ಟಿ ಚಂಡೆಯ ಮುಂದೆ ನಿಂತಾಗ ನಮ್ಮ ಕಡೆ ತಿರುಗಿಯೂ ನೋಡಲಿಲ್ಲ. ಹೆಜ್ಜೆ ತಪ್ಪಿದಾಗ ಭಾಗವತರು ಜಾಗಟೆಯ ತಾಳವನ್ನು ಒಂದಿಷ್ಟು ನಿಧಾನ ಮಾಡಿ ಅವನನ್ನು ಮತ್ತೆ ಹಾದಿಗೆ ತಂದುಕೊಂಡರು. ಆ ಮರ್ಯಾದೆ ದೊಡ್ಡದು. ಊರಿನ ನೂರು ಜನರ ಎದುರು ಒಬ್ಬ ಹಿರಿಯ ಕಲಾವಿದ ಒಂದು ಮಗುವಿನ ಕಾಲಿಗೆ ತಾಳ ಹೊಂದಿಸಿದರು.

ಆದರೆ ಒಂದು ವ್ಯತ್ಯಾಸವಿದೆ, ಅದನ್ನು ಮುಚ್ಚಿಡುವುದು ಸರಿಯಲ್ಲ. ನಮ್ಮಲ್ಲಿ ಕೋಡಂಗಿ ಬರುವುದು ಪ್ರಸಂಗ ಶುರುವಾಗುವ ಮೊದಲು, ಜನ ಇನ್ನೂ ಚಾಪೆ ಹಾಸಿಕೊಳ್ಳುವ, ಕಡಲೆಕಾಯಿ ಕೊಳ್ಳುವ ಹೊತ್ತಿನಲ್ಲಿ. ತಪ್ಪಿದರೆ ನಷ್ಟವಿಲ್ಲ ಎಂಬ ಜಾಗ ಅದು. ಈಗಂತೂ ಎಷ್ಟೋ ಕಡೆ ಕಾಲಮಿತಿಯ ಪ್ರದರ್ಶನಗಳಲ್ಲಿ ಮೊದಲು ಕತ್ತರಿ ಬೀಳುವುದೇ ಪೂರ್ವರಂಗಕ್ಕೆ. ಕುವಾಂತನ್‌ನವರು ಮಗುವನ್ನು ನಿಲ್ಲಿಸುವುದು ಓಟ ಅತ್ಯಂತ ಬಿಸಿಯಾಗಿರುವ ಗಳಿಗೆಯಲ್ಲಿ. ಅಲ್ಲಿ ಅವನು ಬಿದ್ದರೆ ಎಲ್ಲರಿಗೂ ಕಾಣುತ್ತದೆ. ಆ ನಂಬಿಕೆ ನಮಗೂ ಇದ್ದಿದ್ದರೆ ಎಂದು ನಾನು ಆಸೆಪಡುತ್ತೇನೆ. ಶಾಲೆಯ ವಾರ್ಷಿಕೋತ್ಸವದಲ್ಲಿ ವೇದಿಕೆಯ ಬದಿಗೆ ನಿಂತ ಶಿಕ್ಷಕಿಯ ಕೈಗಳನ್ನೇ ನೋಡುತ್ತ, ಪ್ರತಿ ಹೆಜ್ಜೆಗೂ ಒಪ್ಪಿಗೆ ಕಾಯುತ್ತ ಕುಣಿಯುವ ನಮ್ಮ ಮಕ್ಕಳನ್ನು ನೋಡಿದಾಗ ಈ ಆಸೆ ಇನ್ನೂ ಹೆಚ್ಚುತ್ತದೆ.

ಅಪಾಯ ಇಲ್ಲ ಎಂದು ನಾನು ಹೇಳುತ್ತಿಲ್ಲ. ಆ ಹುಡುಗನ ತಾಯಿಯೇ ಮಗ ಜಾರಿ ಬೀಳಬಹುದೆಂಬ ಭಯ ತನಗಿದೆ ಎಂದಿದ್ದಾರೆ; ಬಿದ್ದರೆ ಹಿಡಿಯಲು ರಕ್ಷಣಾ ತಂಡ ಇರುತ್ತದೆ ಎಂಬ ಧೈರ್ಯವನ್ನೂ ಜೊತೆಗೇ ಹೇಳಿಕೊಂಡಿದ್ದಾರೆ. ಹೊಳೆಯ ದಡದಲ್ಲಿ ಹುಟ್ಟಿದ ಮಕ್ಕಳಿಗೆ ನೀರು ಅಪರಿಚಿತವಲ್ಲ, ನಿಜ. ಆದರೆ ತಾಯಂದಿರ ಭಯ ಅದರಿಂದ ಕಡಿಮೆಯಾಗುವುದಿಲ್ಲ ಎಂಬುದನ್ನು ಯಾವುದೇ ಹೊಳೆಬದಿಯ ಮನೆಯಲ್ಲಿ ಕೇಳಿ ನೋಡಿ. ಕಡವಿನ ದೋಣಿಯಲ್ಲಿ ಶಾಲೆಗೆ ಹೋಗುತ್ತಿದ್ದ ಕಾಲದಲ್ಲಿ ನನ್ನ ಅಮ್ಮ ಮಳೆಗಾಲವಿಡೀ ಜಗಲಿಯಲ್ಲಿ ನಿಂತೇ ಇರುತ್ತಿದ್ದರು. ಕಳುಹಿಸುವುದನ್ನು ಮಾತ್ರ ನಿಲ್ಲಿಸಲಿಲ್ಲ.

ಈ ಹಬ್ಬಕ್ಕೆ ದೊಡ್ಡ ವಯಸ್ಸಾಗಿದೆ. 17ನೇ ಶತಮಾನದಲ್ಲಿ ಕುವಾಂತನ್ ತೀರದ ಊರುಗಳಿಗೆ ಜಾಲುರ್ ಎಂದರೆ ಸಾಗಣೆಯ ದೋಣಿ. ಬಾಳೆಗೊನೆ, ಕಬ್ಬು, ಜನ ಎಲ್ಲ ಅದರಲ್ಲೇ ಹೋಗಬೇಕು. ಆಮೇಲೆ ಮೂತಿಗೆ ಹಾವು, ಮೊಸಳೆ, ಹುಲಿಯ ತಲೆಗಳು ಬಂದವು, ಬಣ್ಣದ ಕೊಡೆಗಳು ಬಂದವು, ಮುಖಂಡರು ಕೂತು ಹೋಗುವ ಸಿಂಗಾರದ ದೋಣಿಗಳಾದವು. ಯಾರದು ವೇಗ ಎಂದು ನೋಡುವ ಹುಮ್ಮಸ್ಸು ಎಲ್ಲಿಯೂ ಇರುವಂತೆ ಅಲ್ಲಿಯೂ ಹುಟ್ಟಿತು. ಇಸ್ಲಾಮಿನ ಹಬ್ಬಗಳ ದಿನ ಓಟ ನಡೆಯುತ್ತಿತ್ತು. ಡಚ್ಚರು ಬಂದು ಅದನ್ನು ತಮ್ಮ ರಾಣಿ ವಿಲ್ಹೆಲ್ಮಿನಾಳ ಹುಟ್ಟುಹಬ್ಬಕ್ಕೆ, ಅಂದರೆ ಆಗಸ್ಟ್ 31ಕ್ಕೆ, ಎಳೆದುಕೊಂಡರು. ಇಂಡೊನೇಷ್ಯಾ ಸ್ವತಂತ್ರವಾದ ಮೇಲೆ ಜನ ಅದನ್ನು ಅದೇ ತಿಂಗಳ 17ಕ್ಕೆ, ತಮ್ಮ ಸ್ವಾತಂತ್ರ್ಯ ದಿನದ ಸಂಭ್ರಮಕ್ಕೆ, ಜೋಡಿಸಿಕೊಂಡರು. ರಾಣಿ ಹೋದಳು, ದೋಣಿ ಹೋಗಲಿಲ್ಲ. ಈಗ ಪ್ರತಿ ಆಗಸ್ಟ್‌ನಲ್ಲಿ ತೆಲುಕ್ ಕುವಾಂತನ್ ಪಟ್ಟಣದ ತೆಪಿಯಾನ್ ನರೋಸಾ ಎಂಬ ದಡದಲ್ಲಿ ದೊಡ್ಡ ಓಟ.

ಖ್ಯಾತಿ ಬಂದ ಮೇಲೆ ರಿಯಾವು ರಾಜ್ಯಪಾಲರು ಹುಡುಗನನ್ನು ಪ್ರವಾಸೋದ್ಯಮದ ರಾಯಭಾರಿ ಎಂದು ಘೋಷಿಸಿದರು, ಓದಿಗೆಂದು 2 ಕೋಟಿ ರುಪಿಯಾ ಕೊಟ್ಟರು. ನಮ್ಮ ಲೆಕ್ಕದಲ್ಲಿ ಸುಮಾರು 1 ಲಕ್ಷ ರೂಪಾಯಿ. ಓದಿಗೆ ದುಡ್ಡು ಸಿಕ್ಕಿದ್ದು ಒಳ್ಳೆಯದೇ ಆಯಿತು. ಜಕಾರ್ತಕ್ಕೆ ಕರೆಸಿ ಮಂತ್ರಿಗಳ ಜೊತೆ, ಟಿವಿ ಸ್ಟುಡಿಯೋಗಳಲ್ಲಿ ಕುಣಿಸಿದ್ದನ್ನು ನೋಡಿದಾಗ ಮಾತ್ರ ನನ್ನ ಮನಸ್ಸು ಒಪ್ಪಲಿಲ್ಲ. ಕೈಗಳ ಆಟ ಅದೇ. ಆದರೆ ಕಾಲಡಿ ಇರುವುದು ಹೊಳಪಿನ ಟೈಲ್ಸ್. ಮಂಡಿಗಳಿಗೆ ಕೆಲಸವಿಲ್ಲ. ಹಿಂದೆ ಜಗ್ಗುವವನಿಲ್ಲ, ಅಕ್ಕಪಕ್ಕ ಓಡುವ ದೋಣಿಯಿಲ್ಲ, ದಡದಿಂದ ಯಾರೂ ಯಾವ ಸುದ್ದಿಗೂ ಕಾಯುತ್ತಿಲ್ಲ. ಮಗು ನಗುತ್ತ ಕುಣಿಯಿತು, ಸುತ್ತ ನಿಂತ ದೊಡ್ಡವರು ಫೋನ್ ಹಿಡಿದರು. ಅವನ ತಂದೆ ಕೂಡ ಹುಟ್ಟು ಹಾಕಿದವರು ಎಂದು ಓದಿದ್ದೇನೆ. ಆ ತುಣುಕಿನಿಂದ ಹೊರಗುಳಿದದ್ದು ಅಂಥವರೇ. ಬೆನ್ನು ಬಾಗಿಸಿ, ತಲೆ ತಗ್ಗಿಸಿ, ಮುಖ ಕಾಣಿಸದೆ ಕೂತವರು. ಅವರು ಮುಂದಿದ್ದಾರೆ ಎಂದು ಸಾರುವುದಕ್ಕೇ ಮಗು ಅಲ್ಲಿ ನಿಂತಿತ್ತು.

ಮರದ ವಿಷಯಕ್ಕೆ ಮತ್ತೆ ಬರಬೇಕು, ಏಕೆಂದರೆ ಅಲ್ಲಿ ನಮ್ಮ ಕೈಯೂ ಇದೆ. ಇಂಡೊನೇಷ್ಯಾದಲ್ಲಿ ಅತಿ ಹೆಚ್ಚು ತಾಳೆ ಬೆಳೆಯುವ ಪ್ರಾಂತ್ಯ ರಿಯಾವು. ಜಗತ್ತಿನಲ್ಲಿ ತಾಳೆ ಎಣ್ಣೆಯನ್ನು ಅತಿ ಹೆಚ್ಚು ಆಮದು ಮಾಡಿಕೊಳ್ಳುವ ದೇಶ ಭಾರತ, ಅದರಲ್ಲಿ ದೊಡ್ಡ ಪಾಲು ಬರುವುದು ಇಂಡೊನೇಷ್ಯಾದಿಂದ. ನಮ್ಮ ಬೇಕರಿಯ ಪಫ್, ಬಿಸ್ಕತ್ತು, ರಸ್ತೆಬದಿಯ ಬಜ್ಜಿ, ಸ್ನಾನದ ಸಾಬೂನು ಎಲ್ಲದರಲ್ಲೂ ಆ ಎಣ್ಣೆ ಇದೆ. ಹಳೆಯ ಕಾಡು ಹೋಗಿ ತಾಳೆತೋಟ ಬಂದಲ್ಲಿ 30 ಮೀಟರ್ ಉದ್ದದ ದಿಮ್ಮಿ ಸಿಗುವುದಿಲ್ಲ. ಈಗ ದೋಣಿ ಮಾಡುವವರಿಗೆ ದೊಡ್ಡ ಮರ ಹುಡುಕುವುದೇ ಎಲ್ಲಕ್ಕಿಂತ ಕಷ್ಟದ ಕೆಲಸವಾಗಿದೆ. ನದಿಯೂ ಸುಖವಾಗಿಲ್ಲ, ಅಕ್ರಮ ಚಿನ್ನದ ಗಣಿಗಾರಿಕೆ ಕುವಾಂತನ್ ನೀರನ್ನು ಕೆಡಿಸಿದೆ. ಸಿಂಗ್ಕಾರಾಕ್ ಸರೋವರದಿಂದ ಇಳಿದು ಬರುವ ಆ ನೀರು ವಿಡಿಯೋಗಳಲ್ಲಿ ಕೆಸರು ಬಣ್ಣಕ್ಕೆ ಕಾಣುತ್ತದೆ. ಮಗುವಿನ ಕುಣಿತಕ್ಕೆ ಕೋಟಿಗಟ್ಟಲೆ ಮೆಚ್ಚುಗೆ ಕೊಟ್ಟ ನಾವು ಅವನ ಮೊಮ್ಮಗನಿಗೆ ನಿಲ್ಲಲು ಮರ ಉಳಿಯುತ್ತದೆಯೇ ಎಂದೂ ಕೇಳಬೇಕು. ಬಿಸ್ಕತ್ತು ಬಿಡಿ ಎಂದು ಉಪದೇಶಿಸುವಷ್ಟು ಇದು ಸುಲಭವಲ್ಲ. ಆದರೆ ಆ ದೋಣಿಗೂ ನಮ್ಮ ಅಡುಗೆಮನೆಗೂ ಸಂಬಂಧವಿಲ್ಲ ಎಂದು ನಾನು ನಂಬುವುದಿಲ್ಲ.

ಸಾಧ್ಯವಾದರೆ ನೀವೂ ಪೂರ್ತಿ ಓಟವೊಂದನ್ನು ನೋಡಿ. ಹುಡುಕುವಾಗ ಗೆದ್ದವನ ತುಣುಕನ್ನು ದಾಟಿ ಹೋಗಿ. ಏಕೆಂದರೆ ಪ್ರತಿ ಓಟದಲ್ಲೂ ಇಬ್ಬರು ಮಕ್ಕಳಿರುತ್ತಾರೆ. ಮೊನ್ನೆ ನಾನು ನೋಡಿದ ಒಂದರಲ್ಲಿ ಎಡಗಡೆಯ ದೋಣಿ ಮುಂದಿತ್ತು, ಹಳದಿ ಅಂಗಿಯ ಹುಡುಗ ತೋಳು ಬೀಸಿ ಕುಣಿಯುತ್ತಿದ್ದ. ಅರ್ಧದಾರಿ ದಾಟಿದಾಗ ಬಲಗಡೆಯ ದೋಣಿ ಒಂದೊಂದೇ ಮೊಳ ಹತ್ತಿರ ಬಂತು. ಹಳದಿ ಅಂಗಿಯವನು ಓರೆಗಣ್ಣಿನಿಂದ ಅದನ್ನು ಅಳೆದ, ಇನ್ನೆರಡು ಹುಟ್ಟಿನಷ್ಟು ಹೊತ್ತು ಕುಣಿದ, ಆಮೇಲೆ ಕೂತ. ಯಾರೂ ಅವನಿಗೆ ಕೂತುಕೋ ಎನ್ನಲಿಲ್ಲ. ಅದೇ ಕ್ಷಣಕ್ಕೆ ಆ ಕಡೆಯ ಪುಟ್ಟವನು ತಡಬಡಿಸಿ ಎದ್ದ. ಇನ್ನೂ ಚಿಕ್ಕವನು, ರುಮಾಲು ಹುಬ್ಬಿನವರೆಗೆ ಇಳಿದಿತ್ತು. ಅವನಿಗೆ ಕೈಗಳ ಚಮತ್ಕಾರವೇನೂ ಬರುತ್ತಿರಲಿಲ್ಲ, ಎರಡೂ ಕೈ ಮೇಲೆತ್ತಿ ಸುಮ್ಮನೆ ಕುಪ್ಪಳಿಸುವ ಹಾಗೆ ಮಂಡಿ ಆಡಿಸಿದ, ಬಾಯ್ತುಂಬ ನಕ್ಕ. ದಡ ಹುಚ್ಚೆದ್ದು ಕೂಗಿತು. ಗುರಿಗೆ ಇನ್ನೂ ಸಾಕಷ್ಟು ದೂರವಿತ್ತು; ಹಳದಿ ಅಂಗಿಯವನು ಕೂತಲ್ಲಿಂದಲೇ ಹಿಂದಕ್ಕೆ ತಿರುಗಿ ತನ್ನ ಐವತ್ತು ಜನರಿಗೆ ಕೂಗಿ ಹೇಳುತ್ತಿದ್ದ. ಭಾಷೆ ಬಾರದಿದ್ದರೂ ಅವನು ಏನು ಹೇಳುತ್ತಿದ್ದಾನೆಂದು ನನಗೆ ತಿಳಿಯಿತು: ಬೇಗ ಹಾಕಿ, ನಾನು ಏಳಬೇಕು.